ಗೋಡೆ ದಪ್ಪ ಇದ್ದರೆ ಸಾಕಾ? ಕಿಲ್ಲಾರಿ ಭೂಕಂಪದಿಂದ ನಾವು ಕಲಿಯಬೇಕಾದ ಪಾಠ

ಈ ಲೇಖನ ಶುರುವಾಗಿದ್ದು ಹಾಸ್ಟೆಲ್ ಮೆಸ್ಸಿನಲ್ಲಿ. ನಮ್ಮ ಜೊತೆ ಊಟಕ್ಕೆ ಕೂತಿದ್ದ ಗೆಳೆಯ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನವನು. 2021ರ ಅಕ್ಟೋಬರ್‌ನಲ್ಲಿ ಅವರ ಕಡೆ ಗಡಿಕೇಶ್ವರ ಊರಿನ ಸುತ್ತಮುತ್ತ ಭೂಮಿ ಮತ್ತೆ ಮತ್ತೆ ನಡುಗಿತ್ತು. ದೊಡ್ಡದು ಅಂದರೂ ಮ್ಯಾಗ್ನಿಟ್ಯೂಡ್ 4ರ ಆಸುಪಾಸು ಅಷ್ಟೇ. ಆದರೂ ಎಷ್ಟೋ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು, ಕೆಲವರು ಊರನ್ನೇ ಬಿಟ್ಟು ಹೋದರು. ಅವನ ಮನೆಯವರೂ ಕೆಲವು ರಾತ್ರಿ ಹೊಲದಲ್ಲೇ ಕಳೆದರಂತೆ. ಆಮೇಲೆ ಎಲ್ಲರೂ ಮರೆತು ಮತ್ತೆ ಮನೆಯೊಳಗೆ ಮಲಗತೊಡಗಿದರು, ಅವನ ಅಜ್ಜಿಯೊಬ್ಬರನ್ನು ಬಿಟ್ಟು.

ಅವನು ನಮ್ಮನ್ನ ಕೇಳಿದ ಪ್ರಶ್ನೆ ಇದು: "ನೀವು ಸಿವಿಲ್ ಓದೋರು ಇದ್ದೀರಲ್ಲ, ಹೇಳ್ರಿ. ನಮ್ಮ ಮನಿ ಗ್ವಾಡಿ ಎರಡೂವರಿ ಫೂಟ್ ದಪ್ಪ ಅದ. ಅದಕ್ಕೇನೂ ಆಗಲ್ಲ ಅಂತಾರ ನಮ್ಮಪ್ಪ. ಖರೇನಾ?"

ನಮಗೆ ಗೊತ್ತಿರಲಿಲ್ಲ. ಮೂರು ಸೆಮಿಸ್ಟರ್ ಮುಗಿಸಿದ್ದೇವೆ, ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಕಣ್ಣು ಮುಚ್ಚಿ ಬರೆಯುತ್ತೇವೆ, ಆದರೆ ಒಂದು ನಿಜವಾದ ಮನೆಯ ಬಗ್ಗೆ ಕೇಳಿದರೆ ಬಾಯಿ ಕಟ್ಟಿಹೋಯಿತು. ಹಾಗಾಗಿ ನಾವು ನಾಲ್ಕು ಜನ ಕೂತು ಓದಿದೆವು. ಓದಿದ್ದನ್ನು ಇಲ್ಲಿ ಬರೆದಿದ್ದೇವೆ. ಅವನ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಅವನ ಜಿಲ್ಲೆಯ ಪಕ್ಕದಲ್ಲೇ, ಗಡಿಯ ಆಚೆ ಕಿಲ್ಲಾರಿ ಇದೆ.

ಆ ರಾತ್ರಿ ಏನಾಯಿತು?

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಮಹಾರಾಷ್ಟ್ರದ ಊರೂರಲ್ಲಿ ಗಣಪತಿ ಬಿಟ್ಟು ಬಂದು ಜನ ತಡವಾಗಿ ಮಲಗಿದ್ದರು. 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ಕಂಪಿಸಿತು. ಮ್ಯಾಗ್ನಿಟ್ಯೂಡ್ ಸುಮಾರು 6.2. ಕೇಂದ್ರ ಕಿಲ್ಲಾರಿ ಊರಿನ ಹತ್ತಿರ, ಅದೂ ನೆಲದಿಂದ ತುಂಬಾ ಆಳದಲ್ಲಿ ಅಲ್ಲ. ನಮ್ಮ ಬೀದರ್, ಕಲಬುರಗಿ ಕಡೆಯೂ ಜನ ಎದ್ದು ಹೊರಗೆ ಓಡಿಬಂದರು.

ಸತ್ತವರ ಸಂಖ್ಯೆಯನ್ನು ಒಂದೊಂದು ಲೆಕ್ಕ ಒಂದೊಂದು ರೀತಿ ಹೇಳುತ್ತದೆ, ಸುಮಾರು 8,000ದಿಂದ 10,000ದವರೆಗೆ. 50ಕ್ಕೂ ಹೆಚ್ಚು ಹಳ್ಳಿಗಳು ಬಹುಪಾಲು ನೆಲಸಮವಾದವು.

ಈಗ ಇನ್ನೊಂದು ಭೂಕಂಪ ನೋಡೋಣ. 1989ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೇಟಾ ಭೂಕಂಪ ಆಯಿತು. ಮ್ಯಾಗ್ನಿಟ್ಯೂಡ್ 6.9. ಮ್ಯಾಗ್ನಿಟ್ಯೂಡ್ ಒಂದು ಅಂಕ ಹೆಚ್ಚಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು ಅಂತ ನಮಗೆ ಗೊತ್ತು. 0.7 ವ್ಯತ್ಯಾಸ ಅಂದರೆ ಸುಮಾರು 11 ಪಟ್ಟು. ಅಂದರೆ ಕಿಲ್ಲಾರಿಗಿಂತ 11 ಪಟ್ಟು ಶಕ್ತಿ, ಅದೂ ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್‌ನಂಥ ದೊಡ್ಡ ಊರುಗಳ ಹತ್ತಿರ. ಸತ್ತವರು 63 ಜನ. ಅದರಲ್ಲೂ ಹೆಚ್ಚಿನವರು ಸತ್ತಿದ್ದು ಓಕ್‌ಲ್ಯಾಂಡ್‌ನ ಒಂದೇ ಒಂದು ಎರಡಂತಸ್ತಿನ ಹೆದ್ದಾರಿ ಸೇತುವೆ ಕುಸಿದು.

ಎರಡರ ಆಳ ಬೇರೆ, ಸಮಯ ಬೇರೆ, ನೆಲ ಬೇರೆ, ಒಪ್ಪೋಣ. ಕ್ಯಾಲಿಫೋರ್ನಿಯಾದಲ್ಲಿ ಅದು ಸಂಜೆ 5 ಗಂಟೆ, ಕಿಲ್ಲಾರಿಯಲ್ಲಿ ಎಲ್ಲರೂ ನಿದ್ದೆಯಲ್ಲಿದ್ದರು. ಆದರೂ 63 ಎಲ್ಲಿ, 8,000 ಎಲ್ಲಿ! ಈ ಅಂತರಕ್ಕೆ ಭೂಮಿಯೊಂದೇ ಕಾರಣ ಅಲ್ಲ.

ಅಪಾಯ ಅಂದರೆ ಮೂರರ ಗುಣಾಕಾರ

ವಿಪತ್ತಿನ ಬಗ್ಗೆ ಓದುವಾಗ ಒಂದು ಸರಳ ಸೂತ್ರ ಎಲ್ಲ ಕಡೆ ಸಿಗುತ್ತದೆ. ರಿಸ್ಕ್ ಅಂದರೆ ಹಜಾರ್ಡ್, ಎಕ್ಸ್‌ಪೋಷರ್, ವಲ್ನರಬಿಲಿಟಿ ಈ ಮೂರರ ಗುಣಲಬ್ಧ. ನಮ್ಮ ಮಾತಿನಲ್ಲಿ ಹೇಳೋದಾದರೆ:

ಒಂದು, ನೆಲ ಎಷ್ಟು ನಡುಗಬಹುದು?
ಎರಡು, ಆ ನೆಲದ ಮೇಲೆ ಎಷ್ಟು ಜನ, ಎಷ್ಟು ಮನೆ ಇವೆ?
ಮೂರು, ಆ ಮನೆಗಳೂ ಆ ಜನರೂ ಎಷ್ಟು ಸುಲಭವಾಗಿ ಪೆಟ್ಟು ತಿನ್ನುವ ಸ್ಥಿತಿಯಲ್ಲಿದ್ದಾರೆ?

ಮೊದಲನೆಯದು ನಮ್ಮ ಕೈಯಲ್ಲಿ ಇಲ್ಲ. ಎರಡನೆಯದು ಸ್ವಲ್ಪ ಇದೆ. ಮೂರನೆಯದು ಬಹುಪಾಲು ನಮ್ಮ ಕೈಯಲ್ಲೇ ಇದೆ. ಇದು ಗುಣಾಕಾರ ಆಗಿರುವುದರಿಂದ ಮೂರನೆಯದನ್ನು ಅರ್ಧಕ್ಕೆ ಇಳಿಸಿದರೆ ಒಟ್ಟು ಅಪಾಯವೂ ಅರ್ಧ ಆಗುತ್ತದೆ.

ಇದರ ಇನ್ನೊಂದು ಮುಖ ರೆಸಿಲಿಯನ್ಸ್. ಇದಕ್ಕೆ ಸರಿಯಾದ ಕನ್ನಡ ಪದ ಯಾವುದು ಅಂತ ನಾವು ಬಹಳ ತಲೆ ಕೆಡಿಸಿಕೊಂಡೆವು. 'ಚೇತರಿಕೆಯ ಶಕ್ತಿ' ಅಂದುಕೊಂಡರೆ ಬಿದ್ದ ಮೇಲೆ ಏಳುವುದು ಮಾತ್ರ ಬರುತ್ತದೆ. 'ತಾಳಿಕೆ' ಅಂದರೆ ಬೀಳದೇ ನಿಲ್ಲುವುದು ಮಾತ್ರ. ರೆಸಿಲಿಯನ್ಸ್‌ನಲ್ಲಿ ಎರಡೂ ಇದೆ, ಜೊತೆಗೆ ಮುಂದಿನ ಸಲ ಬೀಳದಂತೆ ಕಲಿತುಕೊಳ್ಳುವುದೂ ಇದೆ. ಆದ್ದರಿಂದ ಇಲ್ಲಿ 'ತಾಳಿ ಏಳುವ ಶಕ್ತಿ' ಅಂತ ಕರೆಯುತ್ತೇವೆ. ಇನ್ನೂ ಒಳ್ಳೆ ಪದ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ದಪ್ಪ ಗೋಡೆ ಯಾಕೆ ಬಿತ್ತು?

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಕಿಲ್ಲಾರಿ ಕಡೆಯ ಹಳೇ ಮನೆಗಳೂ ಅವನ ಮನೆಯ ಹಾಗೇ ಇದ್ದವು. ಒರಟು ಕಲ್ಲಿನ ಗೋಡೆ, ಮಣ್ಣಿನ ಗಾರೆ, ಎರಡರಿಂದ ಮೂರು ಅಡಿ ದಪ್ಪ. ಮೇಲೆ ಮರದ ತೊಲೆ, ಹಲಗೆ, ಅದರ ಮೇಲೆ ದಪ್ಪ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ತಂಪು. ಕಲ್ಲು, ಮಣ್ಣು ಊರಲ್ಲೇ ಸಿಗುತ್ತದೆ. ಮಳೆಗಾಲದಲ್ಲಿ ಸೋರಿದರೆ ಮಾಳಿಗೆಗೆ ಇನ್ನಷ್ಟು ಮಣ್ಣು ಹಾಕಿದರೆ ಆಯಿತು. ಇದರಲ್ಲಿ ದಡ್ಡತನ ಏನೂ ಇಲ್ಲ. ಆ ಬಿಸಿಲಿಗೆ ಅದು ಬಹಳ ಜಾಣ ಮನೆ, ಆದರೆ ಭೂಕಂಪವನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ ಮನೆ ಅಲ್ಲ.

ಹೊರಗಿನಿಂದ ನೋಡಿದರೆ ಎರಡೂವರೆ ಅಡಿಯ ಒಂದೇ ಗೋಡೆ ಕಾಣುತ್ತದೆ. ನಿಜದಲ್ಲಿ ಅವು ಎರಡು ಗೋಡೆಗಳು. ಹೊರಗಡೆ ಒಂದು ಸಾಲು ಕಲ್ಲು, ಒಳಗಡೆ ಒಂದು ಸಾಲು ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಹೊರಸಾಲಿಗೂ ಒಳಸಾಲಿಗೂ ಹಿಡಿತವೇ ಇಲ್ಲ. ನೆಲ ಅಡ್ಡಡ್ಡ ಅಲುಗಿದಾಗ ನಡುವಿನ ಚೂರು ಕೆಳಕ್ಕೆ ಜಾರಿ ಬೆಣೆಯ ಹಾಗೆ ಎರಡೂ ಸಾಲನ್ನು ಆಚೆಗೆ ಈಚೆಗೆ ನೂಕುತ್ತದೆ. ಗೋಡೆ ಹೊಟ್ಟೆ ಬಿಟ್ಟು ಒಡೆಯುತ್ತದೆ. ಒಂದು ದಪ್ಪ ಪುಸ್ತಕ ಗಟ್ಟಿ ಅಂದುಕೊಳ್ಳಿ. ಆದರೆ ಹೊಲಿಗೆ ಹಾಕದ ಬಿಡಿ ಹಾಳೆಗಳ ಕಟ್ಟು ಎಷ್ಟು ದಪ್ಪ ಇದ್ದರೇನು? ಅದಕ್ಕೇ ದಪ್ಪ ಇದ್ದರೆ ಸಾಲದು, ಕೂಡಿಕೊಂಡಿರಬೇಕು.

ಮೂಲೆಗಳಲ್ಲೂ ಅದೇ ಕಥೆ. ಎರಡು ಗೋಡೆ ಸೇರುವ ಕಡೆ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿಲ್ಲದಿದ್ದರೆ ಪ್ರತಿ ಗೋಡೆಯೂ ಒಂಟಿ. ಒಂಟಿ ಗೋಡೆ ತನ್ನ ಉದ್ದಕ್ಕೆ ನೂಕಿದರೆ ತಡೆಯುತ್ತದೆ, ಅಡ್ಡಕ್ಕೆ ನೂಕಿದರೆ ಬೀಳುತ್ತದೆ.

ಮಾಳಿಗೆಯ ತೂಕ: ಒಂದು ಸಣ್ಣ ಲೆಕ್ಕ

ಫಿಸಿಕ್ಸ್‌ನಲ್ಲಿ ಎಲ್ಲರೂ ಓದಿದ್ದು: ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಭೂಕಂಪದಲ್ಲಿ ಹೊರಗಿನಿಂದ ಯಾರೂ ಬಂದು ಮನೆಯನ್ನು ನೂಕುವುದಿಲ್ಲ. ನೆಲ ಸರಿಯುತ್ತದೆ, ಮೇಲಿರುವ ತೂಕ ಇದ್ದಲ್ಲೇ ಇರಲು ನೋಡುತ್ತದೆ. ಆ ಎಳೆದಾಟ ಬೀಳುವುದು ಗೋಡೆಯ ಮೇಲೆ. ಮೇಲೆ ತೂಕ ಎಷ್ಟು ಹೆಚ್ಚೋ ಎಳೆತವೂ ಅಷ್ಟು ಹೆಚ್ಚು.

3 ಮೀಟರ್ × 4 ಮೀಟರ್ ಒಂದು ಕೋಣೆ ಇಟ್ಟುಕೊಳ್ಳೋಣ. ನೆಲದ ವೇಗೋತ್ಕರ್ಷ 0.2 ಜಿ ಅಂತ ಊಹಿಸೋಣ.

ಮಣ್ಣಿನ ಮಾಳಿಗೆ, ಅರ್ಧ ಮೀಟರ್ ದಪ್ಪ: 6 ಘನ ಮೀಟರ್ ಮಣ್ಣು, ಘನ ಮೀಟರ್‌ಗೆ 1,600 ಕೆಜಿ ಹಿಡಿದರೆ 9,600 ಕೆಜಿ. ಅಡ್ಡ ಬಲ ಸುಮಾರು 1.9 ಟನ್ ತೂಕದಷ್ಟು.

ಅದೇ ಮಾಳಿಗೆಯನ್ನು 20 ಸೆಂಟಿಮೀಟರ್‌ಗೆ ಇಳಿಸಿದರೆ: 3,840 ಕೆಜಿ. ಅಡ್ಡ ಬಲ ಸುಮಾರು 0.77 ಟನ್.

ಆರ್‌ಸಿಸಿ ಸ್ಲ್ಯಾಬ್, 12 ಸೆಂಟಿಮೀಟರ್: 3,600 ಕೆಜಿ. ಅಡ್ಡ ಬಲ 0.72 ಟನ್.

ತಗಡಿನ ಚಾವಣಿ, ಚದರ ಮೀಟರ್‌ಗೆ 5 ಕೆಜಿ: 60 ಕೆಜಿ. ಅಡ್ಡ ಬಲ 12 ಕೆಜಿ ಅಷ್ಟೇ.

ಇದು ತುಂಬಾ ಸರಳ ಮಾಡಿದ ಲೆಕ್ಕ. ನಿಜವಾದ ಕಟ್ಟಡ ತನ್ನ ತೂಗಾಟದ ಅವಧಿಗೆ ತಕ್ಕ ಹಾಗೆ ಕಂಪನವನ್ನು ಹೆಚ್ಚಿಸಬಹುದು, ಕಡಿಮೆ ಮಾಡಬಹುದು. ತೊಲೆಯ ತೂಕವನ್ನೂ ನಾವು ಬಿಟ್ಟಿದ್ದೇವೆ. ಆದರೆ ದಿಕ್ಕು ಸ್ಪಷ್ಟ ಇದೆ. ಹೊಲಿಗೆ ಇಲ್ಲದ ಗೋಡೆಯ ತಲೆ ಮೇಲೆ ಹತ್ತು ಟನ್ ಹೊರೆ, ಅದರ ಕೆಳಗೆ ಮಲಗಿದ ಸಂಸಾರ. ಕಿಲ್ಲಾರಿಯಲ್ಲಿ ಆದದ್ದು ಇದು. ಪ್ರತಿ ಮಳೆಗಾಲಕ್ಕೆ ಸೋರುತ್ತದೆ ಅಂತ ಹಾಕಿದ ಒಂದೊಂದು ಬುಟ್ಟಿ ಮಣ್ಣೂ ಆ ಹೊರೆಗೆ ಸೇರುತ್ತಾ ಬಂದಿತ್ತು.

ಇಲ್ಲಿ ಒಂದು ವಿಷಯ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಕಲ್ಲಿನ ದೊಡ್ಡ ಮನೆಯಲ್ಲಿದ್ದ ಅನುಕೂಲಸ್ಥರು ಸಿಕ್ಕಿಹಾಕಿಕೊಂಡರು, ಹುಲ್ಲು-ಕಡ್ಡಿಯ ಗುಡಿಸಲಲ್ಲಿದ್ದ ಬಡವರು ಎಷ್ಟೋ ಕಡೆ ಬದುಕಿಕೊಂಡರು. ಇನ್ನು ಕೆಲವು ಹಳೇ ಮನೆಗಳಲ್ಲಿ ಮಾಳಿಗೆಯ ಭಾರ ಗೋಡೆಯ ಮೇಲೆ ಇರದೆ ಒಳಗಿನ ಮರದ ಕಂಬಗಳ ಮೇಲೆ ಇತ್ತು. ಅಂಥ ಕಡೆ ಗೋಡೆ ಹೊರಗೆ ಉರುಳಿದರೂ ಕಂಬ, ಮಾಳಿಗೆ ನಿಂತವು. ಅಂದರೆ ಹಳೇದೆಲ್ಲ ಕೆಟ್ಟದ್ದು, ಕಲ್ಲಿನದೆಲ್ಲ ಗಟ್ಟಿ ಅನ್ನೋ ಎರಡೂ ಮಾತು ತಪ್ಪು.

ನಕ್ಷೆ ಭೂಕಂಪದ ಹಿಂದೆ ನಡೆಯಿತು

"ನಮ್ಮ ದಖ್ಖನ್‌ನಲ್ಲಿ ಭೂಕಂಪ ಆಗಲ್ಲ" ಅಂತ ನಾವೂ ಸ್ಕೂಲಿನಲ್ಲಿ ಕೇಳಿದ್ದೆವು. ಗಟ್ಟಿ ಹಳೇ ಬಂಡೆ, ಪ್ಲೇಟ್ ಅಂಚು ದೂರ. ಆದರೆ 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಸುಮಾರು 6.3ರ ಭೂಕಂಪ ಆಯಿತು. ಅದಾದ ಮೇಲೆ 1970ರಲ್ಲಿ ದೇಶದ ಭೂಕಂಪ ವಲಯದ ನಕ್ಷೆ ಬದಲಾಯಿತು. ಹಾಗೆ ಬದಲಾದ ನಕ್ಷೆಯಲ್ಲೂ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ವಲಯ 1ರಲ್ಲಿ. 1993 ಆಯಿತು. 2002ರಲ್ಲಿ ನಕ್ಷೆ ಮತ್ತೆ ಬದಲಾಗಿ ವಲಯ 1 ಅನ್ನೋದನ್ನೇ ತೆಗೆದುಹಾಕಿದರು, ಲಾತೂರ್ ಪ್ರದೇಶ ವಲಯ 3ಕ್ಕೆ ಬಂತು. ಅದೇ 2002ರ ಪಟ್ಟಿಯಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ, ಮಂಗಳೂರು ವಲಯ 3ರಲ್ಲಿವೆ. ಬೆಂಗಳೂರು, ಮೈಸೂರು, ಕಲಬುರಗಿ, ರಾಯಚೂರು ವಲಯ 2ರಲ್ಲಿ.

ನಕ್ಷೆಯನ್ನು ಬೈಯುವುದು ನಮ್ಮ ಉದ್ದೇಶ ಅಲ್ಲ. ಗೊತ್ತಿರುವುದನ್ನಷ್ಟೇ ನಕ್ಷೆ ಹೇಳಬಲ್ಲದು. ನೂರಾರು ವರ್ಷಕ್ಕೊಮ್ಮೆ ಬರುವ ಭೂಕಂಪ ನಮ್ಮ ದಾಖಲೆಗಳಲ್ಲಿ ಇರುವುದೇ ಇಲ್ಲ. ಹಾಗಾಗಿ ಕಡಿಮೆ ವಲಯ ಅಂದರೆ ಅಪಾಯ ಇಲ್ಲ ಅಂತ ಅಲ್ಲ. ಇಲ್ಲಿ ಇನ್ನೊಂದು ತೊಂದರೆ ಇದೆ. ಮೇಲಿಂದ ಮೇಲೆ ಭೂಕಂಪ ಕಾಣುವ ಕಡೆ ಜನ ಮನೆ ಕಟ್ಟುವ ರೀತಿಯಲ್ಲೇ ಎಚ್ಚರಿಕೆ ಬೆರೆತಿರುತ್ತದೆ. ನಾಲ್ಕೈದು ತಲೆಮಾರು ಏನೂ ಆಗದ ಕಡೆ ಆ ಎಚ್ಚರಿಕೆ ಕರಗಿಹೋಗುತ್ತದೆ. ವಲ್ನರಬಿಲಿಟಿ ಅನ್ನೋದು ಹೀಗೆ ನೆನಪಿನಲ್ಲೂ ಇರುತ್ತದೆ.

ಕಿಲ್ಲಾರಿಯಲ್ಲಿ ಹಿಂದಿನ ವರ್ಷ, 1992ರಲ್ಲೇ ಸಣ್ಣ ಸಣ್ಣ ಕಂಪನಗಳು ಬಂದಿದ್ದವು. ಹಾಗಂತ ಗಡಿಕೇಶ್ವರದ ಕಂಪನವೂ ದೊಡ್ಡದರ ಮುನ್ಸೂಚನೆ ಅಂತ ನಾವು ಹೇಳುತ್ತಿಲ್ಲ. ಸಣ್ಣ ಕಂಪನಗಳ ಸರಣಿ ಬಹುತೇಕ ಸಲ ತಾನಾಗಿ ಅಡಗಿಹೋಗುತ್ತದೆ, ಯಾವುದು ಅಡಗುತ್ತದೆ ಯಾವುದು ಇಲ್ಲ ಅಂತ ಮೊದಲೇ ಹೇಳುವ ವಿದ್ಯೆ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ವಾಟ್ಸ್ಯಾಪ್‌ನಲ್ಲಿ ದಿನಾಂಕ ಹೇಳುವವರನ್ನು ನಂಬಬೇಡಿ. ಆದರೆ ಸಣ್ಣ ಕಂಪನ ಬಂದಾಗ ಜನರ ಕಿವಿ ತೆರೆದಿರುತ್ತದೆ, ಮನೆ ಗಟ್ಟಿ ಮಾಡುವ ಮಾತು ಆಡಲು ಅದೇ ಸರಿಯಾದ ಸಮಯ.

ಮನೆ ಕಟ್ಟಿಕೊಟ್ಟರೆ ಊರು ಎದ್ದು ನಿಲ್ಲುತ್ತದೆಯೇ?

ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚು ಗಮನ ಕೊಡಬೇಕಾದದ್ದು ಭೂಕಂಪದ ನಂತರದ ಕಥೆಗೆ. ಮಹಾರಾಷ್ಟ್ರ ಸರ್ಕಾರ ವಿಶ್ವ ಬ್ಯಾಂಕಿನ ನೆರವಿನಿಂದ ದೊಡ್ಡ ಪುನರ್ವಸತಿ ಕಾರ್ಯಕ್ರಮ ಮಾಡಿತು. ತೀರಾ ಹಾಳಾದ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಿದರು. ಕಡಿಮೆ ಹಾನಿಯಾದ ಲಕ್ಷಕ್ಕೂ ಹೆಚ್ಚು ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಗಟ್ಟಿಗೊಳಿಸುವುದು ಇನ್ನೊಂದು ಭಾಗ.

ಹೊಸ ಊರುಗಳು ಅಗಲ ರಸ್ತೆ, ನೇರ ಸಾಲು, ಕಾಂಕ್ರೀಟ್ ಮನೆಗಳ ಬಡಾವಣೆಗಳಾದವು. ಮನೆಯ ಅಳತೆ ನಿರ್ಧಾರವಾದದ್ದು ಜಮೀನಿನ ಮೇಲೆ. ಭೂಮಿ ಇಲ್ಲದವರಿಗೆ, ತೀರಾ ಕಡಿಮೆ ಭೂಮಿ ಇದ್ದವರಿಗೆ 250 ಚದರಡಿ, ಮಧ್ಯಮದವರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ಮನೆಗಳು ಗಟ್ಟಿಯೇ. ಆದರೆ ದನ ಕಟ್ಟಲು ಜಾಗ ಎಲ್ಲಿ, ಕಾಳು ಇಡಲು ಎಲ್ಲಿ, ಹೊಲಕ್ಕೆ ಹೋಗಲು ಎಷ್ಟು ದೂರ, ಹೆಂಗಸರು ಕೂತು ಮಾತಾಡುವ ಒಳಅಂಗಳ ಎಲ್ಲಿ? ವರ್ಷಗಳು ಕಳೆದಂತೆ ಜನ ಆ ಮನೆಗಳಿಗೆ ತಮಗೆ ತಿಳಿದ ಹಾಗೆ ಗೋಡೆ, ಕೋಣೆ ಸೇರಿಸಿಕೊಂಡರು. ಹಾಗೆ ಸೇರಿಸಿದ ಎಷ್ಟೋ ಭಾಗಗಳಲ್ಲಿ ಭೂಕಂಪದ ಎಚ್ಚರಿಕೆ ಇರಲಿಲ್ಲ. ಗಟ್ಟಿ ಮನೆಗೆ ಅಂಟಿಕೊಂಡು ಮತ್ತೆ ಅದೇ ಹಳೇ ಅಪಾಯ. ಮನೆ ಸಿಕ್ಕಿತು, ಆದರೆ ಮನೆ ಹೇಗೆ ಗಟ್ಟಿ ಆಗುತ್ತದೆ ಅನ್ನೋ ತಿಳುವಳಿಕೆ ಕಂಟ್ರಾಕ್ಟರ್ ಜೊತೆಗೇ ಊರು ಬಿಟ್ಟು ಹೋಯಿತು.

ದುರಸ್ತಿ ಭಾಗದಲ್ಲಿ ಬೇರೆ ಅನುಭವ. ಅಲ್ಲಿ ಮನೆಯವರೇ ನಿಂತು ಕೆಲಸ ಮಾಡಿಸಬೇಕಿತ್ತು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಹಳ್ಳಿಯ ಮಹಿಳಾ ಮಂಡಳಗಳ ಹೆಂಗಸರನ್ನೇ 'ಸಂವಾದ ಸಹಾಯಕ'ರನ್ನಾಗಿ ತಯಾರು ಮಾಡಿತು. ಸರ್ಕಾರದ ನೆರವು ಎಷ್ಟು, ಯಾವ ಸಾಮಾನು ತರಬೇಕು, ಗೋಡೆ ಹೇಗೆ ಗಟ್ಟಿ ಮಾಡಬೇಕು ಅಂತ ಅವರೇ ಅಕ್ಕಪಕ್ಕದವರಿಗೆ ಹೇಳಿದರು, ಕೆಲಸ ಸರಿ ನಡೀತಾ ಇದೆಯಾ ಅಂತ ನೋಡಿದರು. ಮುಂದೆ 2001ರಲ್ಲಿ ಗುಜರಾತ್‌ನಲ್ಲಿ ಭೂಕಂಪ ಆದಾಗ ಲಾತೂರ್ ಕಡೆಯ ಇಂಥ ಹೆಂಗಸರು ಕಚ್ಛ್‌ಗೆ ಹೋಗಿ ಅಲ್ಲಿನವರಿಗೆ ತಮ್ಮ ಅನುಭವ ಹೇಳಿಕೊಟ್ಟರು. ಒಂದು ಕಾಲಕ್ಕೆ ನೆರವು ಪಡೆದವರು ಎಂಟು ವರ್ಷದಲ್ಲಿ ನೆರವು ಕೊಡುವವರಾದರು. ತಾಳಿ ಏಳುವ ಶಕ್ತಿ ಅಂದರೆ ಇದೇ ಅಂತ ನಮಗೆ ಅನ್ನಿಸಿತು. ಗುಜರಾತ್‌ನಲ್ಲಿ ಹಣ ಮತ್ತು ತಾಂತ್ರಿಕ ಮಾರ್ಗದರ್ಶನ ಕೊಟ್ಟು ಮನೆಯವರೇ ಕಟ್ಟಿಕೊಳ್ಳುವ ಪದ್ಧತಿಯೇ ಹೆಚ್ಚಾಗಿ ನಡೆಯಿತು.

ಕಾಂಕ್ರೀಟ್‌ನವರಿಗೂ ಒಂದು ಮಾತು

"ನಮ್ಮದು ಆರ್‌ಸಿಸಿ, ನಮಗೇನು?" ಅನ್ನುವ ಬೆಂಗಳೂರಿನ ಗೆಳೆಯರಿಗೆ: 2001ರ ಜನವರಿ 26ರ ಗುಜರಾತ್ ಭೂಕಂಪದ ಕೇಂದ್ರ ಅಹಮದಾಬಾದ್‌ನಿಂದ 200 ಕಿಲೋಮೀಟರ್‌ಗಿಂತ ದೂರ ಇತ್ತು. ಆದರೂ ಅಹಮದಾಬಾದ್‌ನಲ್ಲಿ ಬಹುಮಹಡಿ ಆರ್‌ಸಿಸಿ ಕಟ್ಟಡಗಳು ಬಿದ್ದು ನೂರಾರು ಜನ ಸತ್ತರು. ಬಿದ್ದವುಗಳಲ್ಲಿ ಹಲವು ಕೆಳಗೆ ಪಾರ್ಕಿಂಗ್‌ಗೆ ಅಂತ ಗೋಡೆ ಇಲ್ಲದೆ ಬರೀ ಕಂಬ ಬಿಟ್ಟವು. ಮೇಲಿನ ಮಹಡಿಗಳಲ್ಲಿ ಗೋಡೆ ಇರುವುದರಿಂದ ಅವು ಬಿಗಿ, ಕೆಳಗಿನದು ಸಡಿಲ. ಅಲುಗಾಟವೆಲ್ಲ ಆ ಒಂದೇ ಮಹಡಿಯ ಕಂಬಗಳ ಮೇಲೆ ಬೀಳುತ್ತದೆ. ಇದಕ್ಕೆ ಸಾಫ್ಟ್ ಸ್ಟೋರಿ ಅಂತಾರೆ. ನಿಮ್ಮ ಪಿಜಿ ಕೆಳಗೆ ಒಮ್ಮೆ ನೋಡಿ.

ಹಾಗಾದರೆ ಏನು ಮಾಡಬಹುದು?

ಹಳೇ ಕಲ್ಲಿನ ಮನೆಯನ್ನು ಕೆಡವಲೇಬೇಕು ಅಂತಿಲ್ಲ. ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್‌ನ ಐಎಸ್ 13828 ಇಂಥ ಮನೆಗಳಿಗೆಂದೇ ಇದೆ. ಅದರ ಸಾರ ಇಷ್ಟು:

1. ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲು, ಅಂದರೆ ಥ್ರೂ ಸ್ಟೋನ್ ಇಡಬೇಕು. ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರ್‌ಗೆ, ಉದ್ದದಲ್ಲಿ 1.2 ಮೀಟರ್ ಮೀರದಂತೆ. ಪುಸ್ತಕಕ್ಕೆ ಹೊಲಿಗೆ ಹಾಕುವುದು ಇದೇ. ಹಳೇ ಗೋಡೆಯಾದರೆ ಅಲ್ಲಲ್ಲಿ ಜೋಪಾನವಾಗಿ ತೂತು ಮಾಡಿ, ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿ ಅದೇ ಕೆಲಸ ಮಾಡಿಸಬಹುದು.

2. ಬಾಗಿಲು-ಕಿಟಕಿಯ ಮೇಲಿನ ಮಟ್ಟದಲ್ಲಿ ಇಡೀ ಮನೆ ಸುತ್ತ ಕಡಿಯದ ಒಂದು ಪಟ್ಟಿ, ಲಿಂಟೆಲ್ ಬ್ಯಾಂಡ್. ಬುಟ್ಟಿಯ ಅಂಚಿಗೆ ಬಳೆ ಹೆಣೆದ ಹಾಗೆ ಇದು ಗೋಡೆಗಳನ್ನೆಲ್ಲ ಒಟ್ಟಿಗೆ ಹಿಡಿಯುತ್ತದೆ.

3. ಹೊಸ ಗೋಡೆ ಕಟ್ಟುವಾಗ ದಪ್ಪ 45 ಸೆಂಟಿಮೀಟರ್ ಮೀರಬಾರದು. ಮೂಲೆಗಳಿಗೆ ತೀರಾ ಹತ್ತಿರ ಬಾಗಿಲು, ಕಿಟಕಿ ಬೇಡ.

4. ಮಾಳಿಗೆಯ ಮಣ್ಣು ಕಡಿಮೆ ಮಾಡಿ, ಸೋರದಂತೆ ಬೇರೆ ದಾರಿ ನೋಡಬೇಕು.

ಇದನ್ನೆಲ್ಲ ನಾವೇ ಹೋಗಿ ಮಾಡಲು ಆಗುವುದಿಲ್ಲ, ಮಾಡಲೂಬಾರದು. ಗೋಡೆಗೆ ಕೈ ಹಾಕುವ ಮುಂಚೆ ಅನುಭವ ಇರುವ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಊರಿನ ಗೌಂಡಿಯನ್ನೂ ಆ ಮಾತಿನಲ್ಲಿ ಕೂರಿಸಿಕೊಳ್ಳಬೇಕು, ಯಾಕೆಂದರೆ ಮುಂದಿನ ಮೂವತ್ತು ಮನೆ ಕಟ್ಟುವವನು ಅವನೇ.

ದುಡ್ಡಿಲ್ಲದೆ ಮಾಡುವ ಕೆಲಸಗಳೂ ಇವೆ. ದಪ್ಪ ಗೋಡೆಯ ಒಳಕೋಣೆಯಿಂದ ವಯಸ್ಸಾದವರ ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ತರುವುದು. ಹೊರಗೆ ಹೋಗುವ ದಾರಿಯಲ್ಲಿ ಚೀಲ, ಡಬ್ಬ ಒಟ್ಟದಿರುವುದು. ತಲೆದೆಸೆಯ ಅಟ್ಟದಿಂದ ಭಾರದ ಸಾಮಾನು ಇಳಿಸುವುದು. ಯಾವ ಮನೆಯಲ್ಲಿ ನಡೆಯಲಾಗದವರು ಇದ್ದಾರೆ, ಎಲ್ಲಿ ಮಲಗುತ್ತಾರೆ ಅಂತ ಓಣಿಯವರಿಗೆ ಗೊತ್ತಿರುವುದು. ಭೂಕಂಪ ಆದ ಮೊದಲ ಗಂಟೆಗಳಲ್ಲಿ ಕಲ್ಲು ಸರಿಸಿ ಜನರನ್ನು ಎತ್ತುವವರು ಯಾವಾಗಲೂ ಪಕ್ಕದ ಮನೆಯವರೇ.

ಗೆಳೆಯನಿಗೆ ನಾವು ಹೇಳಿದ್ದು

ಇಷ್ಟು ಓದಿದ ಮೇಲೆ ಅವನ ಜೊತೆ ಮತ್ತೆ ಕೂತೆವು. "ಗೋಡೆ ದಪ್ಪ ಇರೋದು ಮುಖ್ಯ ಅಲ್ಲ, ಒಳಗೆ ಹೊಲಿಗೆ ಇದೆಯಾ, ಮೇಲೆ ಮಣ್ಣು ಎಷ್ಟಿದೆ ಅದು ನೋಡು" ಅಂದೆವು. ಅವನು ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ. ಅವರು ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಮಣ್ಣು ತಗದ್ರ ಬ್ಯಾಸಗ್ಯಾಗ ಒಳಗ ಹೆಂಗ ಇರಬೇಕಪ್ಪಾ?"

ಅದಕ್ಕೆ ನಮ್ಮ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ನಮ್ಮ ಲೆಕ್ಕದಲ್ಲಿ 0.2 ಜಿ ಇತ್ತು, 42 ಡಿಗ್ರಿ ಬಿಸಿಲು ಇರಲಿಲ್ಲ. ಕಿಲ್ಲಾರಿಯ ಹೊಸ ಊರುಗಳಲ್ಲಿ ದನಕ್ಕೆ ಜಾಗ ಮರೆತವರು ಮಾಡಿದ ತಪ್ಪನ್ನೇ ನಾವೂ ಮಾಡಿದ್ದೆವು. ಈಗ ನಾವು ಕಡಿಮೆ ತೂಕದ, ಬಿಸಿಲು ತಡೆಯುವ ಚಾವಣಿಗೆ ಏನೇನು ದಾರಿ ಇದೆ ಅಂತ ಓದುತ್ತಿದ್ದೇವೆ. ಮೆಕ್ಯಾನಿಕಲ್‌ನ ಗೆಳೆಯರು ಸೇರಿಕೊಂಡರೆ ಒಳ್ಳೆಯದು, ಇದು ಒಂದೇ ಬ್ರಾಂಚಿನ ಕೆಲಸ ಅಲ್ಲ.

ಆದರೆ ಒಂದು ಕೆಲಸ ಆಗಿದೆ. ಅಜ್ಜಿಯ ಮಂಚ ಈಗ ಒಳಕೋಣೆಯಿಂದ ಪಡಸಾಲೆಗೆ, ಬಾಗಿಲ ಪಕ್ಕಕ್ಕೆ ಬಂದಿದೆ. ಅವರು ಮನೆಯೊಳಗೆ ಮಲಗುತ್ತಿದ್ದಾರಂತೆ.

ಈ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನೀವೂ ಒಂದು ಟೇಪ್ ಹಿಡಿದು ನಿಮ್ಮ ಮನೆಯನ್ನು ನೋಡಿ. ಗೋಡೆ ಯಾವುದರದು, ಎಷ್ಟು ದಪ್ಪ? ಮೇಲಿನ ಚಾವಣಿ ಯಾವುದು, ಎಷ್ಟು ದಪ್ಪ? ರಾತ್ರಿ ಯಾರು ಎಲ್ಲಿ ಮಲಗುತ್ತಾರೆ, ಬಾಗಿಲಿಗೆ ಎಷ್ಟು ಹೆಜ್ಜೆ? ಈ ಮೂರನ್ನು ಬರೆದುಕೊಂಡು ಬನ್ನಿ. ಕನ್ನಡ ಸಂಘದ ಕೋಣೆಯಲ್ಲಿ ಕೂತು ಒಟ್ಟಿಗೆ ಲೆಕ್ಕ ಹಾಕೋಣ, ಗೊತ್ತಾಗದ್ದನ್ನು ನಮ್ಮ ಮೇಷ್ಟ್ರುಗಳ ಹತ್ತಿರ ಕೇಳೋಣ.